ಖಾಕಿ ಕಳಚಿದವನಿಗೊಂದು ಸೂಟು

ಲಂಡನ್ನಿನ ಒಲಿಂಪಿಯಾ ಎಂಬ ಗಾಜಿನ ಮಾಡಿನ ಭಾರಿ ಭವನದಲ್ಲಿ ಯುದ್ಧಕ್ಕೆ ಮೊದಲು ಸರ್ಕಸ್ಸು ನಡೆಯುತ್ತಿತ್ತು, ಕುದುರೆಗಳ ಪ್ರದರ್ಶನ ನಡೆಯುತ್ತಿತ್ತು. 1945ರಲ್ಲಿ ಅದು ಗಲ್ಲಾಪೆಟ್ಟಿಗೆ ಇಲ್ಲದ ಜವಳಿ ಅಂಗಡಿಯಾಯಿತು. ಒರಟು ಉಣ್ಣೆಯ ಖಾಕಿ ತೊಟ್ಟ ಸೈನಿಕರು ಒಳಗೆ ಹೋಗುವರು; ಹೊರಗೆ ಬರುವಾಗ ಅವರ ಕಂಕುಳಲ್ಲಿ ಚಪ್ಪಟೆಯಾದೊಂದು ರಟ್ಟಿನ ಪೆಟ್ಟಿಗೆ ಇರುತ್ತಿತ್ತು. ಕಾಸು ಕೊಡಬೇಕಾಗಿರಲಿಲ್ಲ. ಎರಡನೇ ಮಹಾಯುದ್ಧ ಮುಗಿಸಿ ಮನೆಗೆ ಹೊರಟವನಿಗೆ ಬ್ರಿಟಿಷ್ ಸರ್ಕಾರ ಉಡಿ ತುಂಬಿ ಕಳಿಸಿದ್ದು ಹೀಗೆ. ಪೆಟ್ಟಿಗೆಯಲ್ಲಿದ್ದ ಆ ಬಟ್ಟೆಯನ್ನು ಜನ ‘ಡೀಮಾಬ್ ಸೂಟ್’, ಅಂದರೆ ಬಿಡುಗಡೆಯ ಸೂಟು, ಎಂದು ಕರೆದರು.

ಒಳಗೆ ಮೊದಲು ಸಿಗುತ್ತಿದ್ದುದು ದರ್ಜಿಯ ಟೇಪು. ಎದೆ, ಸೊಂಟ, ಕಾಲಿನ ಉದ್ದ. ಅಳತೆ ಬರೆಸಿಕೊಂಡು ಮುಂದೆ ನಡೆದರೆ ಅಳತೆವಾರು ತೂಗುಹಾಕಿದ ಕೋಟುಗಳ ಸಾಲು, ಅದರಾಚೆ ಟೋಪಿಗಳ ಮೇಜು, ಆಮೇಲೆ ಬೂಟುಗಳು. ತೆಳು ಗೆರೆಗಳ, ಎರಡು ಸಾಲು ಗುಂಡಿಯ ಮೂರು ತುಂಡಿನ ಸೂಟು ಬೇಕೋ, ಒಂಟಿ ಸಾಲಿನ ಕೋಟು ಮತ್ತು ಫ್ಲಾನೆಲ್ ಪ್ಯಾಂಟು ಸಾಕೋ? ತಲೆಗೆ ಫೆಲ್ಟ್ ಹ್ಯಾಟೋ, ಚಪ್ಪಟೆ ಕ್ಯಾಪೋ? ಇವೆಲ್ಲ ಅವನೇ ಆರಿಸಬೇಕು. ಜೊತೆಗೆ ಎರಡು ಅಂಗಿ, ಕಾಲರಿಗೆ ಹಾಕುವ ಗುಂಡಿಗಳು, ಟೈ, ಬೂಟು, ಮಳೆಕೋಟು. ಆ ದಿನಗಳ ಸರ್ಕಾರಿ ಛಾಯಾಚಿತ್ರವೊಂದರಲ್ಲಿ ಸೈನಿಕನೊಬ್ಬ ಮೈಮೇಲೆ ಇನ್ನೂ ಖಾಕಿ ಇರುವಾಗಲೇ ತಲೆಗೆ ಹ್ಯಾಟು ಇಟ್ಟು ನೋಡಿಕೊಳ್ಳುತ್ತಿದ್ದಾನೆ. ಕುತ್ತಿಗೆಯಿಂದ ಕೆಳಗೆ ಸೇನೆ, ಮೇಲೆ ಸಂಸಾರ. ಏಳುವ ಹೊತ್ತು, ಉಣ್ಣುವ ಹೊತ್ತು, ಗಡ್ಡ ಬೋಳಿಸುವ ಹೊತ್ತು, ಗುಂಡಿಗೆ ಹೊಳಪು ಹಾಕುವ ಹೊತ್ತು ಎಲ್ಲವನ್ನೂ ಬೇರೆಯವರೇ ಗೊತ್ತುಮಾಡಿದ ವರ್ಷಗಳ ನಂತರ, ‘ನಿನಗೆ ಯಾವುದು ಬೇಕಪ್ಪಾ?’ ಎಂದು ಕೇಳಿಸಿಕೊಳ್ಳುವುದು ಸಣ್ಣ ಸಂಗತಿಯಲ್ಲ. ಈ ಇಡೀ ಏರ್ಪಾಟಿನಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಈ ಪ್ರಶ್ನೆಯೇ. ಬಟ್ಟೆಯ ಗುಣಮಟ್ಟದ ಮಾತು ಆಮೇಲೆ.

ಸರ್ಕಾರಕ್ಕೆ ಇಷ್ಟೊಂದು ಕಾಳಜಿ ಬಂದದ್ದು ಬರೀ ಕರುಣೆಯಿಂದ ಎಂದುಕೊಂಡರೆ ತಪ್ಪಾದೀತು. ಹಿಂದಿನ ಸಲ ಕೈ ಸುಟ್ಟುಕೊಂಡಿದ್ದರು. ಮೊದಲ ಮಹಾಯುದ್ಧ 1918ರ ನವೆಂಬರಿನಲ್ಲಿ ನಿಂತಾಗ ಬ್ರಿಟನ್ ಹಾಕಿಕೊಂಡಿದ್ದ ಯೋಜನೆಯ ಪ್ರಕಾರ, ಕೈಗಾರಿಕೆಗೆ ಬೇಕಾದವರು, ಊರಿನಲ್ಲಿ ಕೆಲಸ ಕಾದಿರುವವರು ಮೊದಲು ಮನೆಗೆ. ಕಾಗದದ ಮೇಲೆ ಒಳ್ಳೆಯ ಲೆಕ್ಕ. ಆದರೆ ಕೆಲಸ ಯಾರಿಗೆ ಕಾದಿರುತ್ತದೆ? ಕೊನೆಯಲ್ಲಿ ಸೇನೆಗೆ ಸೇರಿದವನಿಗೆ. 1914ರಲ್ಲೇ ಹೋದವನ ಕುರ್ಚಿಯಲ್ಲಿ ಆಗಲೇ ಬೇರೊಬ್ಬ ಕೂತಿದ್ದ. ಹೀಗೆ ಕೊನೆಗೆ ಬಂದವನು ಮೊದಲು ಹೊರಟ, ಮೊದಲು ಹೋದವನು ಕಂದಕದಲ್ಲೇ ಉಳಿದ. 1919ರ ಜನವರಿಯಲ್ಲಿ ಫೋಕ್‌ಸ್ಟನ್ ಬಂದರಿನಲ್ಲಿ ಸಾವಿರಾರು ಸೈನಿಕರು ಫ್ರಾನ್ಸಿಗೆ ಮರಳುವ ಹಡಗು ಹತ್ತಲು ಒಪ್ಪಲಿಲ್ಲ. ಡೋವರಿನಲ್ಲೂ ಕ್ಯಾಲೇಯಲ್ಲೂ ಅದೇ ಗಲಾಟೆ. ಆಗತಾನೇ ಯುದ್ಧಮಂತ್ರಿಯಾಗಿ ಬಂದ ವಿನ್‌ಸ್ಟನ್ ಚರ್ಚಿಲ್ ಆ ಯೋಜನೆಯನ್ನು ಪಕ್ಕಕ್ಕಿಟ್ಟು ವಯಸ್ಸು, ಸೇವೆಯ ಅವಧಿ, ಗಾಯ ಇವುಗಳನ್ನು ನೋಡಿ ಬಿಡುಗಡೆ ಮಾಡಿಸಬೇಕಾಯಿತು.

ಆಗಲೂ ಬಟ್ಟೆ ಕೊಡುತ್ತಿದ್ದರು. ಒಂದು ಸಾದಾ ಸೂಟು, ಇಲ್ಲವೇ ಅದರ ಬದಲು 52 ಶಿಲ್ಲಿಂಗ್ 6 ಪೆನ್ಸ್ ನಗದು. ಸೇನೆಯ ದಪ್ಪ ಕೋಟನ್ನು ರೈಲು ನಿಲ್ದಾಣದಲ್ಲಿ ಒಪ್ಪಿಸಿದರೆ ಒಂದು ಪೌಂಡ್ ಸಿಗುತ್ತಿತ್ತು. ಬಟ್ಟೆಯೇನೋ ಸಿಕ್ಕಿತು, ಕೆಲಸ ಸಿಗಲಿಲ್ಲ. ಎದೆಗೆ ಪದಕ ಸಿಕ್ಕಿಸಿಕೊಂಡು ಬೀದಿಯಲ್ಲಿ ಬೆಂಕಿಪೊಟ್ಟಣ ಮಾರುವ ಮಾಜಿ ಸೈನಿಕ ಇಂಗ್ಲೆಂಡಿನ ಊರೂರಲ್ಲಿ ಕಾಣಸಿಕ್ಕ. 1919ರ ಜುಲೈ 19ರಂದು ದೇಶವೆಲ್ಲ ಶಾಂತಿಯ ಹಬ್ಬ ಆಚರಿಸುತ್ತಿದ್ದಾಗ ಲ್ಯೂಟನ್ ಪಟ್ಟಣದಲ್ಲಿ ರೊಚ್ಚಿಗೆದ್ದ ಮಾಜಿ ಸೈನಿಕರೂ ಊರವರೂ ಸೇರಿ ಪುರಭವನಕ್ಕೇ ಬೆಂಕಿ ಇಟ್ಟರು. ಎರಡನೇ ಯುದ್ಧ ಮುಗಿಯುವ ಮೊದಲೇ ಬ್ರಿಟಿಷ್ ಮಂತ್ರಿಗಳ ನಿದ್ದೆ ಕೆಡಿಸಿದ್ದು ಈ ನೆನಪು.

ಈ ಬಾರಿ ಲೆಕ್ಕ ಹಾಕಿದವರು ಅರ್ನೆಸ್ಟ್ ಬೆವಿನ್. ಹನ್ನೊಂದರ ವಯಸ್ಸಿಗೇ ಶಾಲೆ ಬಿಟ್ಟು ಕೂಲಿಗೆ ಹೋದವರು, ಸಾರಿಗೆ ಕಾರ್ಮಿಕರ ದೊಡ್ಡ ಸಂಘ ಕಟ್ಟಿದವರು, ಯುದ್ಧಕಾಲದಲ್ಲಿ ಕಾರ್ಮಿಕ ಮಂತ್ರಿ. ಅವರ ಯೋಜನೆ 1944ರ ಸೆಪ್ಟೆಂಬರಿನಲ್ಲೇ ಹೊರಬಿತ್ತು. ಸೂತ್ರ ಎಷ್ಟು ಸರಳವೆಂದರೆ ಸೈನಿಕ ಬೆರಳಲ್ಲಿ ಎಣಿಸಿ ತನ್ನ ಸರದಿ ತಿಳಿಯಬಹುದಿತ್ತು: ಎರಡು ತಿಂಗಳ ಸೇವೆ ಒಂದು ವರ್ಷದ ವಯಸ್ಸಿಗೆ ಸಮ. ನಾಲ್ಕು ವರ್ಷ ದುಡಿದ 22ರ ಹುಡುಗನೂ ಒಂದೇ ವರ್ಷ ದುಡಿದ 40ರ ಗೃಹಸ್ಥನೂ ಒಂದೇ ಗುಂಪಿಗೆ ಬರುತ್ತಿದ್ದರು. ಶಿಫಾರಸಿಗೆ, ವಶೀಲಿಗೆ ಜಾಗ ಕಡಿಮೆ. ಕಟ್ಟಡ ಕಟ್ಟುವವರಂಥ ತುರ್ತು ಕಸುಬಿನವರಿಗೆ ಬೇರೆ ದಾರಿ ಇತ್ತು, ಆದರೆ ಆ ದಾರಿಯಲ್ಲಿ ಬಂದವರಿಗೆ ರಜೆ ಕಡಿಮೆ. ಉಳಿದವರಿಗೆ ಸಂಬಳ ಸಹಿತ 56 ದಿನದ ರಜೆ, ಒಂದಿಷ್ಟು ಇಡಿಗಂಟು, ಜೊತೆಗೆ ಈ ಬಟ್ಟೆ. 1945ರ ಜೂನ್ 18ರಂದು ಬಿಡುಗಡೆ ಶುರುವಾಯಿತು. 1946ರ ಕೊನೆಯ ಹೊತ್ತಿಗೆ 40 ಲಕ್ಷಕ್ಕೂ ಹೆಚ್ಚು ಮಂದಿ ಸಮವಸ್ತ್ರ ಕಳಚಿದ್ದರು. ಗೊಣಗಾಟ ಬೇಕಾದಷ್ಟಿತ್ತು, ಆದರೆ ಪುರಭವನಗಳು ಸುಡಲಿಲ್ಲ.

ಇಷ್ಟು ಸೂಟು ಹೊಲಿದವರು ಯಾರು? ಹೆಚ್ಚಿನ ಪಾಲು ಉತ್ತರ ಇಂಗ್ಲೆಂಡಿನ ಲೀಡ್ಸ್. ಆ ಊರಿನಲ್ಲಿ ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಜಾನ್ ಬ್ಯಾರನ್ ಎಂಬ ಬಟ್ಟೆ ತಯಾರಕ, ಮರದ ತೆಳು ಹಾಳೆ ಕೊಯ್ಯುವ ಪಟ್ಟಿಗರಗಸವನ್ನು ನೋಡಿ, ಅದೇ ಬಗೆಯ ಯಂತ್ರವನ್ನು ಬಟ್ಟೆಗೂ ತಂದಿದ್ದ. ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಮೇಲಿನ ಪದರದ ಮೇಲೆ ಸೀಮೆಸುಣ್ಣದಲ್ಲಿ ತೋಳು, ಬೆನ್ನು, ಎದೆಯ ಗೆರೆ ಎಳೆದು, ಸುತ್ತುತ್ತಲೇ ಇರುವ ಉಕ್ಕಿನ ಪಟ್ಟಿಗೆ ಒಡ್ಡಿದರೆ ಹತ್ತಾರು ತೋಳುಗಳು ಒಟ್ಟಿಗೇ ಕತ್ತರಿಸಿ ಬರುತ್ತಿದ್ದವು. ಆಮೇಲೆ ಒಬ್ಬಳು ತೋಳು ಮಾತ್ರ ಕೂಡಿಸುವಳು, ಇನ್ನೊಬ್ಬಳು ಜೇಬು ಮಾತ್ರ, ಮತ್ತೊಬ್ಬಳು ಕಾಜ ಮಾತ್ರ. ನಮ್ಮ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಇವತ್ತು ನಡೆಯುವುದೂ ಹೆಚ್ಚುಕಡಿಮೆ ಇದೇ. ಯುದ್ಧ ನಿಲ್ಲುತ್ತಲೂ ಈ ಏರ್ಪಾಟಿಗೆ ಖಾಕಿ ಹಾಕುವುದನ್ನು ಬಿಟ್ಟು ಗೆರೆಬಟ್ಟೆ ಹಾಕಿದರು. 1945ರ ಕೊನೆಗೆ ವಾರಕ್ಕೆ ಸುಮಾರು 75 ಸಾವಿರ ಸೂಟು ಹೊರಬರುತ್ತಿದ್ದವು.

ಲೀಡ್ಸಿನ ದೊರೆ ಎನ್ನಬೇಕಾದ ವ್ಯಕ್ತಿ ಮಾಂಟೇಗ್ಯೂ ಬರ್ಟನ್. ಹುಟ್ಟಿದ್ದು ಇಂದಿನ ಲಿಥುವೇನಿಯಾದ ಯಹೂದಿ ಕುಟುಂಬದಲ್ಲಿ, ಹುಟ್ಟುಹೆಸರು ಬೇರೆ. 1900ರಲ್ಲಿ, ಮೀಸೆ ಚಿಗುರುವ ಮೊದಲೇ, ಒಂಟಿಯಾಗಿ ಇಂಗ್ಲೆಂಡಿಗೆ ಬಂದು, ಗಂಟು ಹೊತ್ತು ಮಾರಿ, ಚೆಸ್ಟರ್‌ಫೀಲ್ಡಿನಲ್ಲಿ ಪುಟ್ಟ ಅಂಗಡಿ ಇಟ್ಟವರು. ಎರಡನೇ ಯುದ್ಧದ ಹೊತ್ತಿಗೆ ಅವರ ಅಂಗಡಿಗಳು ಸುಮಾರು 600. ಲೀಡ್ಸಿನ ಹಡ್ಸನ್ ರಸ್ತೆಯ ಕಾರ್ಖಾನೆಯಲ್ಲಿ ಹತ್ತು ಸಾವಿರ ಮಂದಿ. ಯುದ್ಧಕಾಲದ ಸಮವಸ್ತ್ರಗಳಲ್ಲಿ ಕಾಲು ಪಾಲು ಅವರದು, ಬಿಡುಗಡೆಯ ಸೂಟುಗಳಲ್ಲಿ ಮೂರನೇ ಒಂದು ಪಾಲು ಅವರದು. ಹಾಗಾಗಿ ಬರ್ಟನ್ ಖಾಕಿ ತೊಟ್ಟು ಹೋಗಿ ಬರ್ಟನ್ ಸೂಟು ತೊಟ್ಟು ಮನೆಗೆ ಬಂದವರು ಎಷ್ಟೋ ಮಂದಿ ಇದ್ದಿರಬೇಕು. ಯುದ್ಧಕ್ಕೂ ಶಾಂತಿಗೂ ಒಂದೇ ಟೇಪು ಹಿಡಿದ ವ್ಯಾಪಾರಿ ಎಂದು ಹುಳ್ಳಗೆ ನಗಬಹುದು. ಆದರೆ ಅಷ್ಟು ಬೇಗ ಅಷ್ಟು ಬಟ್ಟೆ ಹೊಲಿಯಲು ಬೇರೆ ಯಾರಿಗೆ ಆಗುತ್ತಿತ್ತು?

ಆ ರಟ್ಟಿನ ಪೆಟ್ಟಿಗೆಯ ಬೆಲೆ ಅರ್ಥವಾಗಬೇಕಾದರೆ ಆಗಿನ ಬಟ್ಟೆಯ ಪಡಿತರ ಗೊತ್ತಿರಬೇಕು. 1941ರ ಜೂನ್ 1ರಿಂದ ಬ್ರಿಟನ್ನಿನಲ್ಲಿ ದುಡ್ಡಿದ್ದರೂ ಕೂಪನ್ ಇಲ್ಲದೆ ಬಟ್ಟೆ ಸಿಗುತ್ತಿರಲಿಲ್ಲ. ಮೊದಲ ವರ್ಷ ತಲೆಗೆ 66 ಕೂಪನ್. ಕೋಟಿಗೆ 13, ಪ್ಯಾಂಟಿಗೆ 8, ಒಳಕೋಟಿಗೆ 5. ಅಲ್ಲಿಗೆ ಒಂದು ಸೂಟಿಗೆ 26. ಟೋಪಿಗೆ ಮಾತ್ರ ಕೂಪನ್ ಬೇಕಿರಲಿಲ್ಲ. ಯುದ್ಧ ಮುಗಿದ ಮೇಲೆ ಕೈ ಇನ್ನೂ ಬಿಗಿಯಾಯಿತು: 1945ರ ಸೆಪ್ಟೆಂಬರಿನಿಂದ 1946ರ ಏಪ್ರಿಲ್‌ವರೆಗಿನ ಎಂಟು ತಿಂಗಳಿಗೆ ಬರೀ 24. ಅಂದರೆ ಊರಿನಲ್ಲೇ ಇದ್ದ ಗಂಡಸು ಒಂದು ಸೂಟು ಹೊಲಿಸಲು ಎಂಟು ತಿಂಗಳ ಕೂಪನ್ ಸುರಿದರೂ ಎರಡು ಕಡಿಮೆ ಬೀಳುತ್ತಿದ್ದವು. ಸಾಲದ್ದಕ್ಕೆ 1942ರಿಂದ ಗಂಡಸರ ಬಟ್ಟೆಯ ಮೇಲೆ ಕಟ್ಟಳೆಗಳಿದ್ದವು. ಜೇಬುಗಳಿಗೆ ಲೆಕ್ಕ, ಗುಂಡಿಗೆ ಲೆಕ್ಕ, ಪ್ಯಾಂಟಿನ ತುದಿ ಮಡಿಸಿ ಹೊಲಿಯುವುದು ನಿಷಿದ್ಧ. ಬಾಂಬು ಬಿದ್ದಾಗ ತಾಳ್ಮೆಯಿಂದಿದ್ದ ಇಂಗ್ಲಿಷ್ ಗಂಡಸು ಈ ಮಡಿಕೆಯ ವಿಷಯಕ್ಕೆ ಸಿಡಿದೆದ್ದ. ಕಾಲಿಗಿಂತ ಉದ್ದನೆಯ ಪ್ಯಾಂಟು ಕೊಂಡು ಮನೆಯಲ್ಲಿ ಕದ್ದು ಮಡಿಸಿಕೊಂಡ. 1944ರ ಆರಂಭದಲ್ಲಿ ವಾಣಿಜ್ಯ ಮಂಡಳಿಯ ಮಂತ್ರಿ ಹ್ಯೂ ಡಾಲ್ಟನ್ ಈ ಕಟ್ಟಳೆಗಳನ್ನು ತೆಗೆದರು. ಮನೆಗೆ ಬರುವ ಸೈನಿಕನಿಗೆ ಮಡಿಕೆ ಇಲ್ಲದ ಪ್ಯಾಂಟು ಕೊಟ್ಟು ಮುಖ ಎತ್ತಿ ನೋಡುವುದು ಸರ್ಕಾರಕ್ಕೆ ಕಷ್ಟವಾಗುತ್ತಿತ್ತು.

ಹಾಗಾಗಿ ಬಟ್ಟೆ ಕೇಂದ್ರದ ಬಾಗಿಲಾಚೆ ಕಾಳಸಂತೆಯವರು ಕಾದಿರುತ್ತಿದ್ದರು. ಅಗಲ ಭುಜದ ಕೋಟು, ಕಣ್ಣು ಕುಕ್ಕುವ ಟೈ ತೊಟ್ಟ ಇವರು ಪೆಟ್ಟಿಗೆಯನ್ನು ಬಿಚ್ಚದೆಯೇ ಕೊಳ್ಳಲು ನೋಟು ಹಿಡಿದು ನಿಂತಿರುತ್ತಿದ್ದರು. ಮಾರಿದವರೂ ಇದ್ದರು. ಹೆಂಡತಿಗೆ ಏನಾದರೂ ಒಯ್ಯಬೇಕು, ದಾರಿಯಲ್ಲಿ ಗೆಳೆಯರ ಜೊತೆ ಒಂದು ಗುಟುಕು ಹಾಕಬೇಕು. ಸೂಟು ಯಾರಿಗೆ ಬೇಕು? ಅವರನ್ನು ಬಯ್ಯಲು ನನಗೆ ಮನಸ್ಸು ಬಾರದು.

ಇನ್ನು ಗುಣಮಟ್ಟದ ಮಾತು. ಸೂಟು ಕಳಪೆಯೇನೂ ಆಗಿರಲಿಲ್ಲ. ಯುದ್ಧಕಾಲದಲ್ಲಿ ಅಂಗಡಿಯಲ್ಲಿ ಸಿಗುತ್ತಿದ್ದುದಕ್ಕಿಂತ ಎಷ್ಟೋ ವಾಸಿ. ಆದರೆ ಸರಕು ತೀರಿದಾಗ ಸಿಕ್ಕಿದ ಅಳತೆಯನ್ನೇ ಕೊಟ್ಟರು. ಉದ್ದ ಕೈಯವನಿಗೆ ಗಿಡ್ಡ ತೋಳು, ಡೊಳ್ಳುಹೊಟ್ಟೆಯವನಿಗೆ ಹಾಕಲಾಗದ ಗುಂಡಿ. ಕೆಲವು ಹಾಸ್ಯನಟರು ಇದನ್ನೇ ಬಂಡವಾಳ ಮಾಡಿಕೊಂಡರು. ಸೇನೆಯಿಂದ ಬಿಡುಗಡೆಯಾಗಿ 1946ರಲ್ಲಿ ರಂಗಕ್ಕೆ, ರೇಡಿಯೊಗೆ ಬಂದ ಫ್ರಾಂಕಿ ಹೊವರ್ಡ್ ಅದೇ ಸೂಟಿನಲ್ಲಿ ವೇದಿಕೆ ಹತ್ತಿದರು. ಬೇರೆ ಸೂಟು ಅವರಲ್ಲಿರಲಿಲ್ಲ. ಎದುರು ಕೂತವರಲ್ಲಿ ಅರ್ಧಕ್ಕರ್ಧ ಗಂಡಸರ ಮೈಮೇಲೂ ಅದರ ಅಣ್ಣತಮ್ಮಂದಿರೇ ಇದ್ದಿರಬೇಕು. ದೊಡ್ಡ ದೂರು ಇದೇ: ಎಲ್ಲರೂ ಒಂದೇ ಥರ ಕಾಣುತ್ತಾರೆ. ಒಂದು ಸಮವಸ್ತ್ರ ಬಿಚ್ಚಿ ಇನ್ನೊಂದು ಸಮವಸ್ತ್ರ ಹಾಕಿದ್ದಾರೆ. ಬೀದಿಯಲ್ಲಿ ನೋಡಿದವರು ದೂರದಿಂದಲೇ ‘ಇವ ಈಗಷ್ಟೇ ಬಂದಿದ್ದಾನೆ’ ಎಂದು ಹೇಳಬಹುದಿತ್ತು.

ಈ ಒಂದೇ ಥರ ಕಾಣುವುದನ್ನು ಇನ್ನೊಂದು ಕಡೆಯಿಂದ ನೋಡಿದವರು ಜೆ. ಬಿ. ಪ್ರೀಸ್ಟ್‌ಲಿ. 1945ರಲ್ಲೇ ಬಂದ ‘ಥ್ರೀ ಮೆನ್ ಇನ್ ನ್ಯೂ ಸೂಟ್ಸ್’ ಕಾದಂಬರಿಯಲ್ಲಿ ಒಂದೇ ಊರಿಗೆ ಮರಳುವ ಮೂವರು: ದೊಡ್ಡಮನೆಯ ಮಗ, ರೈತನ ಮಗ, ಕೂಲಿಯವ. ಬಟ್ಟೆ ನೋಡಿದರೆ ಅವರ ಅಂತಸ್ತು ಗೊತ್ತಾಗುವುದಿಲ್ಲ. ಇಂಗ್ಲೆಂಡಿನಲ್ಲಿ ಇದು ಸಣ್ಣ ಕ್ರಾಂತಿ. ಅಲ್ಲಿ ಕೋಟಿನ ಕತ್ತರಿ, ಟೋಪಿಯ ಆಕಾರ ನೋಡಿ ಮನುಷ್ಯನ ಕುಲಗೋತ್ರ ಹೇಳುವ ಜನ. ಅದೇ ಗಾಳಿ ಮತಪೆಟ್ಟಿಗೆಯಲ್ಲೂ ಬೀಸಿತ್ತು: ಆ ವರ್ಷದ ಜುಲೈ ಚುನಾವಣೆಯಲ್ಲಿ ಸೈನಿಕರ ಮತಗಳೂ ಸೇರಿ ಪ್ರಧಾನಿ ಚರ್ಚಿಲ್ ಸೋತು ಲೇಬರ್ ಪಕ್ಷ ಗೆದ್ದಿತ್ತು. ಕಾದಂಬರಿಕಾರ ಆಂಥನಿ ಪೊವೆಲ್ ಕೂಡ ತಮ್ಮ ಸರಣಿ ಕಾದಂಬರಿಯ ಯುದ್ಧಭಾಗವನ್ನು ಮುಗಿಸುವುದು ನಾಯಕ ಒಲಿಂಪಿಯಾಕ್ಕೆ ಹೋಗಿ ಈ ಬಟ್ಟೆ ಪಡೆಯುವ ದೃಶ್ಯದಲ್ಲಿ. ಯುದ್ಧದ ಮೇಲಿನ ಕಾದಂಬರಿಗೆ ಅಂಥ ಅಂತ್ಯ ಹೊಳೆಯಲು ಸ್ವತಃ ಅದನ್ನು ಕಂಡಿರಬೇಕು.

ಪೆಟ್ಟಿಗೆ ಸಿಗದವರ ಕಥೆ ಬೇರೆ. ಹೆಂಗಸರ ದಳಗಳಲ್ಲಿ ದುಡಿದವರಿಗೆ ಸೂಟಿನ ಬದಲು ಕೂಪನ್ನು ಮತ್ತು ನಗದು ಕೊಟ್ಟರು. ಹೆಂಗಸರಿಗೆ ಒಂದೇ ಮಾದರಿಯ ಬಟ್ಟೆ ಕೊಟ್ಟು ಬಚಾವಾಗಲು ಯಾವ ಮಂತ್ರಿಗೂ ಧೈರ್ಯ ಬಂದಿರಲಿಕ್ಕಿಲ್ಲ. ಅಷ್ಟರ ಮಟ್ಟಿಗೆ ಅವರು ಗಂಡಸರಿಗಿಂತ ಅದೃಷ್ಟವಂತೆಯರು.

ನಿಜವಾದ ಅನ್ಯಾಯ ನಡೆದದ್ದು ಗಣಿ ಹುಡುಗರಿಗೆ. ಕಲ್ಲಿದ್ದಲಿಲ್ಲದೆ ಯುದ್ಧದ ಕಾರ್ಖಾನೆಗಳು ನಡೆಯುವುದಿಲ್ಲ. ಗಣಿಯ ಆಳುಗಳಲ್ಲಿ ಎಷ್ಟೋ ಮಂದಿ ಸೇನೆಗೆ ಹೋಗಿ ಗಣಿಯಲ್ಲಿ ಕೈ ಸಾಲದಾಗಿತ್ತು. 1943ರ ಡಿಸೆಂಬರಿನಿಂದ ಇದೇ ಬೆವಿನ್ ಒಂದು ಚೀಟಿ ಎತ್ತುವ ಪದ್ಧತಿ ತಂದರು. ಸೇನೆಗೆ ಕರೆ ಬಂದ ಹುಡುಗನ ನೋಂದಣಿ ಸಂಖ್ಯೆಯ ಕೊನೆಯ ಅಂಕಿ ಚೀಟಿಯಲ್ಲಿ ಬಂದದ್ದಕ್ಕೆ ಹೊಂದಿದರೆ ಅವನು ರಣರಂಗಕ್ಕಲ್ಲ, ನೆಲದಡಿಗೆ. ಚೀಟಿಗಳನ್ನು ಹಾಕುತ್ತಿದ್ದುದು ಒಂದು ಟೋಪಿಯಲ್ಲಿ. ಹೀಗೆ ಬಂದವರೂ ತಾವಾಗಿ ಗಣಿ ಆರಿಸಿಕೊಂಡವರೂ ಸೇರಿ ಸುಮಾರು 48 ಸಾವಿರ ಹುಡುಗರು ‘ಬೆವಿನ್ ಹುಡುಗರು’ ಎಂದು ಹೆಸರಾದರು. ಮುಂದೆ ಬ್ರಿಟನ್ನನ್ನೇ ನಗಿಸಿದ ಹಾಸ್ಯನಟ ಎರಿಕ್ ಮೋರ್ಕೋಂಬ್ ಅವರಲ್ಲೊಬ್ಬರು. ಇವರಿಗೆ ಸಮವಸ್ತ್ರವಿರಲಿಲ್ಲ. ಹದಿನೆಂಟರ ಗಟ್ಟಿಮುಟ್ಟಾದ ಹುಡುಗ ಸಾದಾ ಬಟ್ಟೆಯಲ್ಲಿ ಬೀದಿಯಲ್ಲಿ ಓಡಾಡುತ್ತಿದ್ದರೆ ಜನ ಹೇಡಿ ಎಂದರು, ಪೊಲೀಸರು ಅಡ್ಡಗಟ್ಟಿ ಕಾಗದ ಕೇಳಿದರು. ಯುದ್ಧ ಮುಗಿದಾಗ ಪದಕವಿಲ್ಲ, ಇಡಿಗಂಟಿಲ್ಲ, ಹಳೆಯ ಕೆಲಸ ಮರಳಿ ಸಿಗುವ ಹಕ್ಕಿಲ್ಲ, ಸೂಟೂ ಇಲ್ಲ. ಸಮವಸ್ತ್ರ ಕೊಟ್ಟಿರದಿದ್ದರೆ ಕಳಚಲು ಏನಿದೆ ಎಂಬುದು ಕಚೇರಿಯ ತರ್ಕ. ಅವರ ಸೇವೆಯನ್ನು ರಾಣಿ ಎಲಿಜಬೆತ್ ಭಾಷಣವೊಂದರಲ್ಲಿ ನೆನೆದದ್ದು 1995ರಲ್ಲಿ. ಎದೆಗೊಂದು ಬಿಲ್ಲೆ ಬಂದದ್ದು 2008ರಲ್ಲಿ. ಅಷ್ಟು ಹೊತ್ತಿಗೆ ಅವರು ಎಂಬತ್ತು ದಾಟಿದ್ದರು.

ಸರದಿಗಾಗಿ ಕಾದವರ ತಾಳ್ಮೆ ಎಲ್ಲಿ ಕಟ್ಟೊಡೆಯಿತು ಎಂದು ನೋಡಿದರೆ ಅದು ನಮ್ಮ ಉಪಖಂಡದಲ್ಲಿ. ಜಪಾನ್ ಶರಣಾಗಿ ತಿಂಗಳುಗಳಾದರೂ ಭಾರತದಲ್ಲಿದ್ದ ಬ್ರಿಟಿಷ್ ವಾಯುಪಡೆಯ ಹುಡುಗರಿಗೆ ಹಡಗು ಸಿಗಲಿಲ್ಲ. ಸಾಮ್ರಾಜ್ಯ ಕಾಯಲೆಂದೇ ನಮ್ಮನ್ನು ಇಲ್ಲಿ ಕೂಡಿಹಾಕಿದ್ದಾರೆ ಎಂಬ ಗುಮಾನಿ ಅವರದು. 1946ರ ಜನವರಿಯಲ್ಲಿ ಕರಾಚಿಯ ಡ್ರಿಗ್ ರೋಡ್ ನೆಲೆಯಲ್ಲಿ ಸಿಟ್ಟು ಸ್ಫೋಟಿಸಿದ್ದು ಬಟ್ಟೆಯ ನೆಪದಲ್ಲೇ: ಮರಳುಗಾಡಿನ ತೆಳು ಖಾಕಿಯ ಬದಲು ನೀಲಿ ಉಣ್ಣೆಯ ಖಾಸಾ ಸಮವಸ್ತ್ರ ತೊಟ್ಟು, ಸರಂಜಾಮು ಹರಡಿ ತಪಾಸಣೆಗೆ ನಿಲ್ಲಿ ಎಂದು ಆಜ್ಞೆಯಾಯಿತು. ಮನೆಗೆ ಕಳಿಸಲು ಆಗದವರು ಕವಾಯತಿಗೆ ಕರೆಯುತ್ತಾರೆ! ಅವರು ನಿಲ್ಲಲಿಲ್ಲ. ಮುಷ್ಕರ ಭಾರತ, ಬರ್ಮಾ, ಸಿಲೋನ್, ಸಿಂಗಪುರಗಳ ಹತ್ತಾರು ನೆಲೆಗಳಿಗೆ ಹಬ್ಬಿ ಸುಮಾರು 50 ಸಾವಿರ ಮಂದಿ ಕೈಕಟ್ಟಿ ಕೂತರು. ಮುಂದಿನ ತಿಂಗಳೇ ಮುಂಬಯಿಯಲ್ಲಿ ಭಾರತೀಯ ನೌಕಾಪಡೆಯವರು ಬಂಡೆದ್ದರು. ಬಿಳಿಯರು ಮುಷ್ಕರ ಹೂಡಿ ದಕ್ಕಿಸಿಕೊಂಡದ್ದನ್ನು ಇವರು ಕಣ್ಣಾರೆ ಕಂಡಿದ್ದರು.

ಗೆದ್ದವರ ಗೊಣಗಾಟ ಇದಾದರೆ ಸೋತ ದೇಶಗಳಲ್ಲಿ ಪೆಟ್ಟಿಗೆಯ ಮಾತೇ ಇರಲಿಲ್ಲ. ಜರ್ಮನಿಯಲ್ಲಿ ಸೇನೆಯ ಬಟ್ಟೆಯನ್ನು ಅದೇ ಬಣ್ಣದಲ್ಲಿ ತೊಡಕೂಡದು ಎಂದು ಮಿತ್ರಪಡೆಗಳ ಆಡಳಿತ ತಾಕೀತು ಮಾಡಿತು. ತೊಡಲು ಬೇರೆ ಇದ್ದರೆ ತಾನೇ? ಬಿಲ್ಲೆ ಕಿತ್ತು, ಕಪ್ಪೋ ಕಂದೋ ಬಣ್ಣದ ಹಂಡೆಯಲ್ಲಿ ಅದ್ದಿ, ಅದೇ ಕೋಟನ್ನು ತೊಟ್ಟರು. ವೋಲ್ಫ್‌ಗಾಂಗ್ ಬೋರ್ಶರ್ಟ್ ಅವರ 1947ರ ‘ಬಾಗಿಲಾಚೆ’ ಎಂಬರ್ಥದ ಹೆಸರಿನ ನಾಟಕದಲ್ಲಿ ರಷ್ಯಾದಿಂದ ಮರಳಿದ ಸೈನಿಕನ ಕಣ್ಣಿಗೆ ಇನ್ನೂ ಗ್ಯಾಸ್ ಮುಸುಕಿನ ಕನ್ನಡಕ. ಅವನಿಗೆ ಬೇರೆ ಕನ್ನಡಕವಿಲ್ಲ, ನೋಡುವವರಿಗೆ ಅದನ್ನು ಕಂಡರೆ ದಿಗಿಲು. ನಾಟಕ ಹ್ಯಾಂಬರ್ಗಿನಲ್ಲಿ ಮೊದಲ ಬಾರಿ ರಂಗವೇರುವ ಹಿಂದಿನ ದಿನ, 26ರ ವಯಸ್ಸಿನಲ್ಲಿ, ಬೋರ್ಶರ್ಟ್ ತೀರಿಕೊಂಡರು. ಅವರೂ ಆ ರಣರಂಗದಿಂದ ರೋಗ ಹೊತ್ತು ಮರಳಿದವರೇ.

ಜಪಾನಿನಲ್ಲಿ ಅಕಿರಾ ಕುರೊಸಾವಾ 1949ರ ‘ಸ್ಟ್ರೇ ಡಾಗ್’ ಚಿತ್ರದಲ್ಲಿ ಇದನ್ನು ಪತ್ತೇದಾರಿ ಕಥೆಗೇ ಹೆಣೆದರು. ಕಳೆದ ಪಿಸ್ತೂಲು ಹುಡುಕಲು ಮಫ್ತಿಯಲ್ಲಿ ಹೊರಡುವ ಪೊಲೀಸ ತೊಡುವುದು ತನ್ನ ಹಳೆಯ ಸೇನೆಯ ಬಟ್ಟೆಯನ್ನು. ಟೋಕಿಯೊದ ಕಾಳಸಂತೆಯಲ್ಲಿ ಯಾರ ಕಣ್ಣಿಗೂ ಬೀಳದಿರಬೇಕಾದರೆ ಅದೇ ಸರಿಯಾದ ವೇಷ. ಅಷ್ಟು ಮಂದಿ ಅದೇ ಹರಕಿನಲ್ಲಿ ಅಲೆಯುತ್ತಿದ್ದರು. ಅಲ್ಲಿ ಸಮವಸ್ತ್ರವೇ ಮಫ್ತಿಯಾಗಿತ್ತು. ಆ ನಡೆದಾಟದ ದೃಶ್ಯಗಳಲ್ಲಿ ಕಾಣುವ ಕಾಲುಗಳು ಎಷ್ಟೋ ಕಡೆ ನಾಯಕ ತೊಶಿರೊ ಮಿಫುನೆಯವಲ್ಲ, ಸಹಾಯಕ ನಿರ್ದೇಶಕ ಇಶಿರೊ ಹೋಂಡಾ ಅವರವು. ಹೋಂಡಾ ಚೀನಾದ ರಣರಂಗದಿಂದ 1946ರಲ್ಲಿ ಮರಳಿದ್ದ ನಿಜವಾದ ಸೈನಿಕ. ಮುಂದೆ ‘ಗಾಡ್ಜಿಲ್ಲಾ’ ತೆಗೆದವರು ಇವರೇ.

ನಮ್ಮಲ್ಲಿ? ಬೆಳಗಾವಿ, ಬಾಗಲಕೋಟೆ, ಗದಗಿನ ಕಡೆ ಸೈನಿಕ ಪೆನ್ಷನ್ ಆಗಿ ಊರಿಗೆ ಬರುವ ದಿನ ನೋಡಬೇಕು. ರೈಲು ನಿಲ್ದಾಣದಿಂದಲೇ ತೆರೆದ ಜೀಪು, ಕೊರಳ ತುಂಬ ಮಾಲೆ, ತಲೆಗೆ ಪೇಟ, ಮುಂದೆ ಡೊಳ್ಳು, ಹಿಂದೆ ಡಿಜೆ, ಶಾಲೆಯ ಹುಡುಗರ ಕೈಯಲ್ಲಿ ಬಾವುಟ. ಅಂದು ಅವನು ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ, ಎದೆಯ ಮೇಲೆ ಪದಕಗಳ ಸಾಲಿನೊಂದಿಗೆ ನಿಂತಿರುತ್ತಾನೆ. ಪುರವಣಿ ಪುಟಗಳಿಗೆ ಹೇಳಿ ಮಾಡಿಸಿದ ಚಿತ್ರ. ನಮ್ಮ ಜನ ಬೀಳ್ಕೊಡುವುದಕ್ಕಿಂತ ಬರಮಾಡಿಕೊಳ್ಳುವುದರಲ್ಲಿ ಧಾರಾಳಿಗಳು, ಅದು ಸಂತೋಷವೇ. ಮರುದಿನ ಬೆಳಿಗ್ಗೆ ಅವನು ಲುಂಗಿ, ಬನಿಯನ್ನಿನಲ್ಲಿ ಕಟ್ಟೆಯ ಮೇಲೆ ಕೂತಿರುತ್ತಾನೆ. ಹೆಸರು ಬರೆದ ಕರಿ ಟ್ರಂಕು ಒಳಗೆ ಗೋಡೆಗೆ ಸೇರಿದೆ. ವಯಸ್ಸು ನಲವತ್ತರ ಆಸುಪಾಸು, ಮಕ್ಕಳು ಹೈಸ್ಕೂಲು. ಊರವರಿಗೆ ಅವನು ‘ಮಿಲ್ಟ್ರಿ ಕಾಕಾ’. ಪೆನ್ಷನ್ ಇದೆ, ಕ್ಯಾಂಟೀನ್ ಕಾರ್ಡ್ ಇದೆ. ಆದರೆ ದಿನದ ಇಪ್ಪತ್ತನಾಲ್ಕು ಗಂಟೆ ಅವನ ಮುಂದೆ ಖಾಲಿ ಬಿದ್ದಿವೆ.

ಆಮೇಲೆ ಅವರಲ್ಲಿ ಅನೇಕರು ಬೆಂಗಳೂರಿಗೋ ಪುಣೆಗೋ ಬರುತ್ತಾರೆ. ಅಪಾರ್ಟ್‌ಮೆಂಟಿನ ಗೇಟು, ಬ್ಯಾಂಕಿನ ಬಾಗಿಲು, ಸಾಫ್ಟ್‌ವೇರ್ ಕಂಪನಿಯ ತಡೆಗಂಬ. ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯವೇ ಮಾಜಿ ಸೈನಿಕರ ಸೆಕ್ಯುರಿಟಿ ಏಜೆನ್ಸಿಗಳನ್ನು ನೋಂದಾಯಿಸಿಕೊಂಡು ಸರ್ಕಾರಿ ಉದ್ದಿಮೆಗಳಿಗೆ ಶಿಫಾರಸು ಮಾಡುತ್ತದೆ. ಹೊಟ್ಟೆಪಾಡಿನ ದೃಷ್ಟಿಯಿಂದ ಒಳ್ಳೆಯದೇ. ಆದರೆ ಗೇಟಿನ ಹತ್ತಿರ ನಿಂತು ಒಮ್ಮೆ ಅವರ ಭುಜ ನೋಡಿ. ಸೇನೆಯಲ್ಲಿ ತೋಳಿನ ಮೇಲೆ ಮೂರು ಪಟ್ಟಿ ಬಂದು ಹವಾಲ್ದಾರ ಎನಿಸಿಕೊಳ್ಳಲು ಹತ್ತಾರು ವರ್ಷ ಹಿಮದಲ್ಲೂ ಮರಳಿನಲ್ಲೂ ಸವೆದವನಿಗೆ ಏಜೆನ್ಸಿ ಮೊದಲ ದಿನವೇ ಪಾಲಿಯೆಸ್ಟರ್ ಅಂಗಿಯ ಭುಜಕ್ಕೆ ಹಿತ್ತಾಳೆಯ ಎರಡು ನಕ್ಷತ್ರ ಸಿಕ್ಕಿಸಿ, ಕೊರಳಿಗೆ ಸೀಟಿಯ ದಾರ ಹಾಕಿ ನಿಲ್ಲಿಸಿರುತ್ತದೆ. ಆ ನಕ್ಷತ್ರದ ಬೆಲೆ ಏನೆಂದು ಆ ಗೇಟಿನಲ್ಲಿ ಗೊತ್ತಿರುವವನು ಅವನೊಬ್ಬನೇ. ಸಲ್ಯೂಟು ಹೊಡೆಯುವ ಕೈ ಮಾತ್ರ ಹಳೆಯದು. ಒಳಗೆ ಹೋಗುವ ಕಾರುಗಳು ಅದನ್ನು ಗಮನಿಸುವುದಿಲ್ಲ.

2022ರಲ್ಲಿ ಬಂದ, ಹುಡುಗರನ್ನು ನಾಲ್ಕು ವರ್ಷಕ್ಕೆಂದೇ ಸೇನೆಗೆ ಸೇರಿಸಿಕೊಳ್ಳುವ ಅಗ್ನಿಪಥ ಯೋಜನೆಯ ನಂತರ ಈ ಲೆಕ್ಕ ಇನ್ನಷ್ಟು ಬಿಗಿಯಾಗಿದೆ. ಆ ವರ್ಷದ ಕೊನೆಗೂ 2023ರ ಆರಂಭಕ್ಕೂ ಸೇರಿದ ಮೊದಲ ತಂಡದ ನಾಲ್ಕು ವರ್ಷ ತುಂಬುವುದು 2026ರ ಕೊನೆಗೂ 2027ರ ಆರಂಭಕ್ಕೂ. ನೂರರಲ್ಲಿ ಗರಿಷ್ಠ 25 ಮಂದಿ ಕಾಯಂ ಆಗಬಹುದು. ಉಳಿದವರ ಕೈಗೆ ಸೇವಾ ನಿಧಿಯಾಗಿ ಸುಮಾರು 11.71 ಲಕ್ಷ ರೂಪಾಯಿ. 1945ರ ಪೆಟ್ಟಿಗೆಗೆ ಹೋಲಿಸಿದರೆ ಇದು ದೊಡ್ಡ ಗಂಟು, ಅಲ್ಲಗಳೆಯಬಾರದು. ಆದರೆ ಪೆನ್ಷನ್ ಇಲ್ಲ, ಯೋಜನೆ ಪ್ರಕಟವಾದಾಗಿನ ನಿಯಮದ ಪ್ರಕಾರ ‘ಮಾಜಿ ಸೈನಿಕ’ ಎಂಬ ದರ್ಜೆಯಿಲ್ಲ, ಕ್ಯಾಂಟೀನ್ ಸೌಲಭ್ಯವಿಲ್ಲ. ಗೃಹ ಸಚಿವಾಲಯ ಅರೆಸೇನಾ ಪಡೆಗಳಲ್ಲಿ ಅವರಿಗೆ ಮೀಸಲಾತಿ ಪ್ರಕಟಿಸಿದೆ. ಕೆಲವು ರಾಜ್ಯಗಳು ಪೊಲೀಸ್ ಇಲಾಖೆಯಲ್ಲಿ ಕೊಡುತ್ತೇವೆ ಎಂದಿವೆ. ತೋರಿಸುತ್ತಿರುವ ಬಾಗಿಲುಗಳಲ್ಲಿ ಹೆಚ್ಚಿನವುಗಳ ಮೇಲೆ ಇನ್ನೊಂದು ಸಮವಸ್ತ್ರವೇ ತೂಗುತ್ತಿದೆ.

ಸೇವೆಯ ನಾಲ್ಕು ವರ್ಷ ಮದುವೆಯಾಗುವಂತಿಲ್ಲ ಎಂಬ ಷರತ್ತೂ ಇದೆ. ಹಾಗಾಗಿ ಊರಿಗೆ ಮರಳಿದ 22-23ರ ಹುಡುಗನ ಮುಂದಿನ ಬಟ್ಟೆ ಬಹುಶಃ ಮದುವೆಯ ಸೂಟೇ. ಹೆಣ್ಣಿನ ಕಡೆಯವರು ಆಗ ಕೇಳುವ ಮೊದಲ ಪ್ರಶ್ನೆ ಯಾವುದೆಂದು ಉತ್ತರ ಕರ್ನಾಟಕದ ಯಾವ ಮನೆಯಲ್ಲಾದರೂ ಹೇಳುತ್ತಾರೆ: ‘ತಮ್ಮಾ, ಈಗ ಏನ್ ಮಾಡಾಕತ್ತೀರಿ?’